ವಾಚ್‌ಡಾಗ್ ಬಾಯಿ ಕಟ್ಟಿದ ಶಿಷ್ಯ

ಹೊಳೆಯ ದಡದಲ್ಲೊಂದು ಮಠ. ದೊಡ್ಡ ಮಠವೇನಲ್ಲ. ನಾಲ್ಕು ಕೋಣೆ, ಒಂದು ಬೇವಿನ ಮರ, ನೀರಿಗಿಳಿಯಲು ಇಪ್ಪತ್ತೊಂದು ಮೆಟ್ಟಿಲು.

ಅಲ್ಲಿ ಅಡವಯ್ಯ ಅಜ್ಜಾರು ಇದ್ದರು. ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಕೂಡಿಸಿದವರು. ಪ್ರವಚನ ಮಾಡಿ ಎಂದರೆ ಮುಖ ಸಿಂಡರಿಸುತ್ತಿದ್ದರು. ಕೆಟ್ಟ ರೇಡಿಯೋ ತಂದು ಮುಂದಿಟ್ಟರೆ ಊಟ ಮರೆಯುತ್ತಿದ್ದರು.

ಅವರ ಶಿಷ್ಯ ನಿರುಪಾದಿ. ಮೂವತ್ತು ದಾಟಿದವನು. ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ಕೂತಲ್ಲಿ ಕೂರುವುದೊಂದು ಮಾತ್ರ ಅವನಿಂದ ಆಗುತ್ತಿರಲಿಲ್ಲ.

ಮಠಕ್ಕೆ ಹಿಂದಿನಿಂದ ಬಂದ ಒಂದು ಹೊಣೆ ಇತ್ತು. ಹೊಳೆ ಇಳಿದು ಮರಳು ತೇಲಿದ ಮೇಲೆ ಊರಿನ ಹೆಂಗಸರು ಹೊಳೆಯ ನಡುವಿನ ಮರಳಿನಲ್ಲಿ ಗುಣಿ ತೋಡಿ ಕಲ್ಲಂಗಡಿ, ಸೌತೆ ಹಾಕುತ್ತಿದ್ದರು. ಮೇಲಿನ ಅಣೆಕಟ್ಟಿನಲ್ಲಿ ಗೇಟು ಎತ್ತಿದರೆ ನೀರು ಸದ್ದಿಲ್ಲದೆ ಬಂದು ಆ ಮರಳನ್ನು ಮುಳುಗಿಸುತ್ತಿತ್ತು. ಅವರನ್ನು ಎಚ್ಚರಿಸುವುದು ಮಠದ ಕೆಲಸ. ಒಬ್ಬರು ಮೆಟ್ಟಿಲ ಮೇಲೆ ಕೂತು ನೀರು ನೋಡಬೇಕು, ಏರಿದರೆ ಜಾಗಟೆ ಬಾರಿಸಬೇಕು.

ಅಜ್ಜಾರು ಇದಕ್ಕೊಂದು ಯಂತ್ರ ಕಟ್ಟಿದ್ದರು. ಅಂಗೈ ಅಗಲದ ಕಂಪ್ಯೂಟರ್, ಅದರೊಳಗೆ ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ. ಎರಡು ಹರದಾರಿ ಮೇಲೆ ಹೊಳೆಯಲ್ಲಿ ನೆಟ್ಟ ಕಂಬವೊಂದು ನೀರಿನ ಮಟ್ಟ ಅಳೆದು ಕಳಿಸುತ್ತಿತ್ತು. ಮಠದಲ್ಲಿದ್ದ ರಿಸೀವರ್ ಅದನ್ನು ಹಿಡಿದು ಯಂತ್ರಕ್ಕೆ ಕೊಡುತ್ತಿತ್ತು. ನೀರು ಏರಿತೆಂದರೆ ಬೇವಿನ ಮರಕ್ಕೆ ಕಟ್ಟಿದ ಸೈರನ್ ಕೂಗುತ್ತಿತ್ತು.

ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು ಪುಟ್ಟ ಗಡಿಯಾರ. ಅದಕ್ಕೆ ವಾಚ್‌ಡಾಗ್, ಅಂದರೆ ಕಾವಲು ನಾಯಿ, ಎಂದು ಹೆಸರು. ಅರವತ್ತರಿಂದ ಹಿಂದಕ್ಕೆ ಎಣಿಸುವುದಷ್ಟೇ ಅದರ ಕೆಲಸ. ಸೈರನ್ ನೋಡಿಕೊಳ್ಳುವ ಪ್ರೋಗ್ರಾಂ ಒಂದೊಂದು ಸಲ ನೀರಿನ ಮಟ್ಟ ಓದಿದಾಗಲೂ ಆ ಗಡಿಯಾರವನ್ನು ಮುಟ್ಟಬೇಕು. ಮುಟ್ಟಿದರೆ ಎಣಿಕೆ ಮತ್ತೆ ಅರವತ್ತರಿಂದ. ಯಾರೂ ಮುಟ್ಟದೆ ಸೊನ್ನೆಗೆ ಬಂತೋ, ಯಂತ್ರಕ್ಕೆ ಎಚ್ಚರ ತಪ್ಪಿದೆ ಎಂದು ತಿಳಿದು ಅದನ್ನು ಕೆಡವಿ ಮೊದಲಿನಿಂದ ಎಬ್ಬಿಸುತ್ತದೆ.

ಗಡಿಯಾರವನ್ನು ಮುಟ್ಟುವ ಕೈ ಇರುವತನಕ ಯಂತ್ರದ ಡಬ್ಬಿಯ ಮೇಲಿನ ದೀಪ ಹಸಿರು. ಯಂತ್ರ ಬಿದ್ದರೆ ಕೆಂಪು. ಕೆಂಪಾದ ದಿನ ಶಿಷ್ಯ ಜಾಗಟೆ ಹಿಡಿದು ಮೆಟ್ಟಿಲ ಮೇಲೆ ಕೂರಬೇಕು. ಮಠದ ನಿಯಮ ಇಷ್ಟೇ.

ಆ ವರ್ಷ ಮಾಘದಲ್ಲಿ ದೀಪ ಕೆಂಪಾಯಿತು.

ಯಂತ್ರ ಏಳುತ್ತಿತ್ತು, ಒಂದು ನಿಮಿಷಕ್ಕೆ ಬೀಳುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ನಿರುಪಾದಿ ಮೂರು ದಿನ ಮೆಟ್ಟಿಲ ಮೇಲೆ ಕೂತ. ಬಿಸಿಲು ನೆತ್ತಿಗೆ ಹೊಡೆಯಿತು. ಮಾಡಲು ಏನೂ ಇಲ್ಲ. ನೀರು ನೋಡಬೇಕು, ಅಷ್ಟೇ. ನಾಲ್ಕನೆಯ ದಿನ ಬೆಳಿಗ್ಗೆ ಅವನ ತಾಳ್ಮೆ ಮುಗಿಯಿತು.

“ಅಜ್ಜಾರ, ಆ ವಾಚ್‌ಡಾಗ್ ಕೆಟ್ಟೈತ್ರಿ. ಯಂತ್ರ ಏಳಾಕ ಬಿಡವಲ್ದು.”

“ಯಾಕ ಬಿಡವಲ್ದು?”

“ಗೊತ್ತಿಲ್ರಿ.”

“ಕೇಳಿದೇನು?”

ಗಡಿಯಾರವನ್ನು ಯಾರಾದರೂ ಏನು ಕೇಳುತ್ತಾರೆ? ಅಜ್ಜಾರಿಗೆ ವಯಸ್ಸಾಯಿತು ಎಂದುಕೊಂಡ ನಿರುಪಾದಿ. ಒಳಗೆ ಹೋಗಿ ಕದ ಹಾಕಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಉಪಾಯ ಹೊಳೆಯಿತು. ಆರೇ ಆರು ಸಾಲಿನ ಪ್ರೋಗ್ರಾಂ ಬರೆದ. ಅದಕ್ಕೆ ಬೇರೆ ಕೆಲಸವಿಲ್ಲ. ಯಂತ್ರ ಕಣ್ಣು ಬಿಟ್ಟ ಕೂಡಲೇ ಶುರುವಾಗಿ ಹತ್ತು ಸೆಕೆಂಡಿಗೊಮ್ಮೆ ಗಡಿಯಾರ ಮುಟ್ಟುವುದು, ಮುಟ್ಟುತ್ತಲೇ ಇರುವುದು.

ಯಂತ್ರ ಬೀಳುವುದು ನಿಂತಿತು. ದೀಪ ಹಸಿರಾಯಿತು. ನಿರುಪಾದಿಗೆ ಆದ ಖುಷಿ ಅಷ್ಟಿಷ್ಟಲ್ಲ.

“ಅಜ್ಜಾರ, ಸರಿ ಆತ್ರಿ.”

“ಆತೇನು?”

“ಹೂಂನ್ರಿ. ದೀಪ ಹಸಿರೈತಿ. ಈಗ ಒಂದ ತಾಸಾತು, ಬಿದ್ದಿಲ್ಲ.”

ಅಜ್ಜಾರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಹೊಳೆಯುತ್ತಿತ್ತು.

“ಹಂಗಾದ್ರ ಮೆಟ್ಟಿಲ ಮ್ಯಾಲ ಕೂಡೋದು ಬ್ಯಾಡ ಬಿಡು,” ಎಂದರು.

ಮರುದಿನ, ಅದರ ಮರುದಿನ ನಿರುಪಾದಿ ನೆರಳಲ್ಲಿ ಕೂತು ಓದಿದ. ಹೆಂಗಸರು ಎಂದಿನಂತೆ ಮೆಟ್ಟಿಲಿಳಿದು ಮರಳಿಗೆ ಹೋದರು. ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದರೆ ಯಂತ್ರ ಕಾಯುತ್ತಿದೆ ಎಂದೇ ಅವರ ಲೆಕ್ಕ. ಎಲ್ಲರಿಗಿಂತ ಮುಂದೆ ದುರ್ಗವ್ವ. ಅವಳ ಕಲ್ಲಂಗಡಿ ಬಳ್ಳಿ ಮರಳಿನ ಆಚೆ ತುದಿಯಲ್ಲಿತ್ತು. ದಡಕ್ಕೆ ಬರಲು ಅವಳಿಗೇ ಎಲ್ಲರಿಗಿಂತ ಹೆಚ್ಚು ಹೊತ್ತು ಬೇಕು.

ಮೂರನೆಯ ದಿನ ಅಜ್ಜಾರು ಸ್ನಾನಕ್ಕೆ ಇಳಿದರು. ಕೊನೆಯ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತರು. ನೀರು ರಾಡಿಯಾಗಿತ್ತು. ನೊರೆ ಇತ್ತು, ನೊರೆಯಲ್ಲಿ ಜೋಳದ ಒಣದಂಟು ಇತ್ತು. ನೋಡುತ್ತಿದ್ದಂತೆ ಆ ಮೆಟ್ಟಿಲು ಮುಳುಗಿತು.

ಸೈರನ್ ಸುಮ್ಮನಿತ್ತು.

ಎಪ್ಪತ್ತೆರಡು ವರ್ಷದ ಅಜ್ಜಾರು ಒದ್ದೆ ಬಟ್ಟೆಯಲ್ಲಿ ಮೆಟ್ಟಿಲು ಹತ್ತಿ ಓಡಿ ಜಾಗಟೆ ಬಾರಿಸಿದರು.

ನಿರುಪಾದಿ ಒಳಗಿದ್ದ. ಜಾಗಟೆ ಕೇಳಿ ತಟ್ಟನೆ ಎದ್ದ. ಎದ್ದವನು ಮೊದಲು ನೋಡಿದ್ದು ಹೊಳೆಯನ್ನಲ್ಲ, ದೀಪವನ್ನು. ಅದು ಹಸಿರಾಗಿತ್ತು. ಅಜ್ಜಾರಿಗೆ ಏನೋ ತಪ್ಪು ಕಂಡಿದೆ ಎಂದುಕೊಂಡು ಮತ್ತೂ ಒಂದು ಕ್ಷಣ ನಿಂತ. ಆ ಒಂದು ಕ್ಷಣವನ್ನು ಅವನು ಆಮೇಲೆ ಬಹಳ ದಿನ ನೆನೆಸಿಕೊಂಡ.

ಹೊರಗೆ ಬಂದಾಗ ಹೆಂಗಸರು ಸೀರೆ ಎತ್ತಿಕಟ್ಟಿ ದಡದ ಕಡೆ ಓಡುತ್ತಿದ್ದರು. ದುರ್ಗವ್ವ ಕೊನೆಗೆ ಉಳಿದಿದ್ದಳು. ನೀರು ಅವಳ ಸೊಂಟಕ್ಕೆ ಬಂದಿತ್ತು. ಬಂಡೆಗಳ ಸಂದಿಯಲ್ಲಿ ಕಾಲು ಸಿಕ್ಕಿ ಬಿದ್ದಳು. ನಿರುಪಾದಿ ನೀರಿಗೆ ಹಾರಿದ. ಆಚೆಯಿಂದ ಹರಿಗೋಲಿನ ಖಾಜಾಸಾಬ ಹುಟ್ಟು ಹಾಕುತ್ತ ಬಂದ. ಇಬ್ಬರೂ ಸೇರಿ ಅವಳನ್ನು ಎಳೆದು ತಂದರು.

ಜೀವ ಉಳಿಯಿತು. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿದಿತ್ತು. ಆ ವರ್ಷದ ಬಳ್ಳಿಯೆಲ್ಲ ಹೊಳೆ ಪಾಲಾಯಿತು.

ಅಂದು ಇಳಿಹೊತ್ತಿಗೆ ನಿರುಪಾದಿ ಅಜ್ಜಾರ ಮುಂದೆ ಬಂದು ನಿಂತ. ಕೈಯಲ್ಲಿ ಬಟ್ಟೆಯ ಗಂಟು.

“ನಾ ಹೋಗ್ತೀನ್ರಿ.”

“ಎಲ್ಲಿಗೆ?”

“ಎಲ್ಲಿಗಾದ್ರೂ. ಇಲ್ಲಿರೋ ಯೋಗ್ಯತಾ ನನಗಿಲ್ರಿ.”

“ಏನ ಮಾಡಿದ್ದಿ?”

ನಿರುಪಾದಿ ಹೇಳಿದ. ಆರು ಸಾಲಿನ ಕಥೆ ಹೇಳಲು ಬಹಳ ಹೊತ್ತೇನೂ ಹಿಡಿಯಲಿಲ್ಲ. ಹೇಳುತ್ತ ಹೇಳುತ್ತ ಅವನಿಗೇ ಅರ್ಥವಾಯಿತು. ಯಂತ್ರ ಅರ್ಧ ಎದ್ದು ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಸೈರನ್ನಿನ ಪ್ರೋಗ್ರಾಂ ಶುರುವೇ ಆಗುತ್ತಿರಲಿಲ್ಲ. ಗಡಿಯಾರ ಅದನ್ನೇ ಮೂರು ದಿನ ಸಾರಿ ಸಾರಿ ಹೇಳಿತ್ತು. ಇವನು ಅದರ ಬಾಯಿ ಕಟ್ಟಿದ್ದ.

ಅವನಿಗೆ ಅಳು ಬಂತು. ತಡೆಯಲಿಲ್ಲ.

ಅಜ್ಜಾರು ಸಮಾಧಾನ ಹೇಳಲಿಲ್ಲ. “ಗಂಟು ಇಲ್ಲಿಡು,” ಎಂದರು. “ನನ್ನ ಸಂಗಡ ಬಾ.”

ದುರ್ಗವ್ವನ ಮನೆಗೆ ಹೋದರು. ಅವಳು ಹೊರಸಿನ ಮೇಲೆ ಮಲಗಿದ್ದಳು. ಕಾಲಿಗೆ ಪಟ್ಟಿ ಕಟ್ಟಿತ್ತು. ಸೊಸೆ ಹುಲಿಗೆವ್ವ ಗಾಬರಿಯಾಗಿ ಕಂಬಳಿ ಹಾಸಲು ಹೋದಳು. ಅಜ್ಜಾರು ಬೇಡವೆಂದು ಕೈ ಮಾಡಿ, ಹೊರಸಿನ ಕಾಲ್ದೆಸೆಯಲ್ಲಿ ಬರೀ ನೆಲದ ಮೇಲೆ ಕೂತರು.

“ಯಪ್ಪಾ, ಅಲ್ಲಿ ಕೂಡಬ್ಯಾಡ್ರಿ,” ಎಂದಳು ದುರ್ಗವ್ವ. “ನನಗ ಪಾಪ ಹತ್ತತೈತಿ.”

“ಪಾಪ ನಿಂದಲ್ಲವ್ವ. ತಪ್ಪು ನಂದೈತಿ.”

“ಅಜ್ಜಾರ, ಮಾಡಿದಾಂವ ನಾನು—” ಎಂದ ನಿರುಪಾದಿ.

“ಸುಮ್ನಿರು,” ಎಂದು ಅಜ್ಜಾರು ಅವಳ ಕಡೆಗೇ ತಿರುಗಿದರು. “ಇಂವ ದೀಪ ನೋಡಿದ, ಸರಿ ಐತಿ ಅಂದ. ನಾ ಇವನ ಮಾರಿ ನೋಡಿದೆ, ಸರಿ ಐತಿ ಅಂದೆ. ಹೊಳಿ ಇಬ್ಬರೂ ನೋಡಲಿಲ್ಲ.”

ದುರ್ಗವ್ವ ಗೋಡೆಯ ಕಡೆ ಮುಖ ಮಾಡಿದಳು. ಕ್ಷಮಿಸಿದೆ ಎಂದು ಅವಳು ಹೇಳಬಹುದೆಂದು ನಿರುಪಾದಿ ಕಾದ. ಅವಳು ಹೇಳಲಿಲ್ಲ.

ಮರುದಿನದಿಂದ ಅಜ್ಜಾರೇ ಮೆಟ್ಟಿಲ ಮೇಲೆ ಕೂತರು. ನಿರುಪಾದಿ ಯಂತ್ರದ ಮುಂದೆ ಕೂತ. ಮೊದಲು ತನ್ನ ಆರು ಸಾಲು ಅಳಿಸಿದ. ದೀಪ ಕೆಂಪಾಯಿತು. ಆ ಕೆಂಪು ನೋಡಿ ಅವನಿಗೆ ಸಮಾಧಾನವೇ ಆಯಿತು.

“ಅಜ್ಜಾರ, ಈಗ ಏನ ಮಾಡ್ಲಿ?”

“ಅವತ್ತ ಹೇಳಿದ್ನೆಲ್ಲ. ಕೇಳು.”

“ಹೆಂಗ ಕೇಳೂದ್ರಿ?”

“ಅದು ಏಳುವಾಗ ಮಾತಾಡ್ಕೋತ ಏಳತೈತಿ. ನೀ ಕೇಳಿಲ್ಲೇನು?”

ನಿರುಪಾದಿ ಕೇಳಿರಲಿಲ್ಲ, ಏಕೆಂದರೆ ಕೇಳದ ಹಾಗೆ ಮಾಡಿದವನೂ ಅವನೇ. ಲಿನಕ್ಸ್ ಏಳುವಾಗ ತಾನು ಮಾಡುವ ಒಂದೊಂದು ಕೆಲಸವನ್ನೂ ಪರದೆಯ ಮೇಲೆ ಸಾಲು ಸಾಲಾಗಿ ಬರೆಯುತ್ತ ಹೋಗುತ್ತದೆ. ನೋಡಲು ಚಂದವಿಲ್ಲ. ಅದಕ್ಕೇ ಅವನು ಹೋದ ವರ್ಷ ಆ ಸಾಲುಗಳ ಮೇಲೆ ಲಿಂಗೈಕ್ಯರಾದ ಹಿರಿಯ ಅಜ್ಜಾರ ಫೋಟೋ ಬರುವಂತೆ ಮಾಡಿದ್ದ. ಯಂತ್ರ ಎಲ್ಲಿ ಸಿಕ್ಕಿಕೊಂಡರೂ ಪರದೆಯ ಮೇಲೆ ಹಿರಿಯ ಅಜ್ಜಾರು ನಗುತ್ತಿದ್ದರು. ಭಕ್ತರು ಬಂದರೆ ಯಂತ್ರಕ್ಕೂ ಕೈ ಮುಗಿದು ಹೋಗುತ್ತಿದ್ದರು.

ಫೋಟೋ ತೆಗೆಯಲು ಅವನ ಕೈ ಬರಲಿಲ್ಲ.

“ಹಿರೇ ಅಜ್ಜಾರ ಫೋಟೋ ಐತ್ರಿ…”

“ಅವ್ರು ಬದುಕಿದ್ದಾಗ ಯಾರ ಮಾತಿಗೂ ಅಡ್ಡ ಬಂದಾವ್ರಲ್ಲ. ತಗಿ.”

ತೆಗೆದ. ಸಾಲುಗಳು ಕಂಡವು. ಬಡಬಡ ಓಡಿದವು, ಒಂದು ಕಡೆ ನಿಂತವು. ಒಂದು ನಿಮಿಷ ಕಳೆಯಿತು. ಗಡಿಯಾರ ಯಂತ್ರವನ್ನು ಕೆಡವಿತು. ಮತ್ತೆ ಓಡಿದವು, ಮತ್ತೆ ಅಲ್ಲೇ ನಿಂತವು.

ನಿರುಪಾದಿ ಅವಸರ ಮಾಡಲಿಲ್ಲ. ಹನ್ನೊಂದು ಸಲ ಯಂತ್ರ ಬೀಳುವುದನ್ನು ನೋಡಿದ. ಒಂದೊಂದು ಸಲವೂ ಕೊನೆಯ ಸಾಲನ್ನು ಕಾಗದದ ಮೇಲೆ ಬರೆದುಕೊಂಡ. ಹನ್ನೊಂದು ಸಲವೂ ಸಾಲು ಒಂದೇ: ರಿಸೀವರಿಗಾಗಿ ಕಾಯುತ್ತಿದ್ದೇನೆ.

ಯಂತ್ರ ರಿಸೀವರಿಗಾಗಿ ಕಾಯುತ್ತಿತ್ತು. ಸೈರನ್ನಿನ ಪ್ರೋಗ್ರಾಂ ಯಂತ್ರಕ್ಕಾಗಿ ಕಾಯುತ್ತಿತ್ತು. ರಿಸೀವರ್ ಉತ್ತರ ಕೊಡುತ್ತಿರಲಿಲ್ಲ.

ಎದ್ದು ಹೋಗಿ ರಿಸೀವರಿನ ವೈರು ಬಿಚ್ಚಿದ. ಹೊಳೆಯ ತೇವಕ್ಕೆ ಅದರ ತುದಿ ಕಿಲುಬು ಹಿಡಿದು ಪುಡಿಯಾಗಿತ್ತು. ಇಷ್ಟೇ ಆಗಿತ್ತು. ಒಂದು ಗೇಣು ವೈರು. ನಿರುಪಾದಿ ಅದನ್ನು ಅಂಗೈಯಲ್ಲಿ ಇಟ್ಟು ನೋಡಿದ. ದುರ್ಗವ್ವನ ಕಾಲು ಕಣ್ಣ ಮುಂದೆ ಬಂತು.

ಹೊಸ ವೈರು ಹಾಕಿದ. ಯಂತ್ರ ಎದ್ದಿತು. ಸೈರನ್ನಿನ ಪ್ರೋಗ್ರಾಂ ಶುರುವಾಯಿತು, ನೀರು ಓದಿತು, ಗಡಿಯಾರ ಮುಟ್ಟಿತು. ದೀಪ ಹಸಿರಾಯಿತು.

ಈ ಸಲ ಅವನು ದೀಪ ನೋಡಿ ಹಿಗ್ಗಲಿಲ್ಲ. ಇನ್ನೆರಡು ಬದಲಾವಣೆ ಮಾಡಿದ. ಏಳುವಾಗಾಗಲಿ, ಎದ್ದ ಮೇಲಾಗಲಿ, ರಿಸೀವರಿಗಾಗಿ ಮೂವತ್ತು ಸೆಕೆಂಡಿಗಿಂತ ಹೆಚ್ಚು ಕಾಯಬಾರದು. ಆಮೇಲೂ ಅದು ಉತ್ತರ ಕೊಡದಿದ್ದರೆ ಸುಮ್ಮನೆ ಕೂರದೆ ಸೈರನ್ನನ್ನು ಮೂರು ಸಲ ಗಿಡ್ಡಕ್ಕೆ ಕೂಗಿಸಬೇಕು: ನನಗೆ ನೀರು ಕಾಣುತ್ತಿಲ್ಲ, ಮೇಲೆ ಬನ್ನಿ.

ಅಜ್ಜಾರನ್ನು ಕರೆದ. ಅವರು ಬಂದು ನೋಡಿದರು.

“ಇನ್ನ ಇದನ್ನ ಕೊಲ್ಲು,” ಎಂದರು.

“ಏನ್ರಿ?”

“ಯಂತ್ರ ಉಸಿರು ನಿಲ್ಲಿಸೋ ಆಜ್ಞೆ ಐತೆಲ್ಲ? ಅದನ್ನ ಕೊಡು. ಕಾವಲಿದ್ದದ್ದು ಎಬ್ಬಸತೈತೋ ಇಲ್ಲೋ ನೋಡೂನು.”

ನಿರುಪಾದಿ ಕೀಲಿಮಣೆಯಿಂದ ಕೈ ಹಿಂದೆಗೆದ. “ಅಜ್ಜಾರ, ಈಗರ ಸರಿ ಆಗೈತ್ರಿ. ಯಾಕ ಕೆಡಸೂದು? ಏಳದಿದ್ರ?”

“ಏಳದಿದ್ರ ಈಗ ಏಳದಿರಲಿ. ಮರಳಿನ್ಯಾಗ ಯಾರೂ ಇಲ್ಲ.”

ಅವನು ಆಜ್ಞೆ ಕೊಟ್ಟ. ಪರದೆ ಕಲ್ಲಿನಂತೆ ನಿಂತಿತು. ಗುರು ಶಿಷ್ಯರು ಎಣಿಸತೊಡಗಿದರು. ಅರವತ್ತು. ಐವತ್ತೊಂಬತ್ತು. ಐವತ್ತೆಂಟು. ಹತ್ತಕ್ಕೆ ಬಂದಾಗ ನಿರುಪಾದಿ ಎಣಿಸುವುದನ್ನೇ ಬಿಟ್ಟ. ಅಜ್ಜಾರು ಒಬ್ಬರೇ ಸೊನ್ನೆಯವರೆಗೆ ಎಣಿಸಿದರು.

ದೀಪ ಕೆಂಪಾಯಿತು. ಪರದೆ ಕಪ್ಪಾಯಿತು. ಆಮೇಲೆ ಮೊದಲ ಸಾಲು ಮೂಡಿತು.

ಯಂತ್ರ ಎದ್ದಿತು. ಅಜ್ಜಾರು ರಿಸೀವರಿನ ವೈರನ್ನು ಕಿತ್ತರು. ಮೂವತ್ತು ಸೆಕೆಂಡಿನ ಮೇಲೆ ಬೇವಿನ ಮರದಿಂದ ಮೂರು ಗಿಡ್ಡ ಕೂಗು ಬಂತು. ಮರದಲ್ಲಿದ್ದ ಗಿಳಿಗಳು ಎದ್ದು ಹಾರಿದವು.

“ಸರಿ ಐತ್ರಿ?” ಎಂದ ನಿರುಪಾದಿ.

ಅಜ್ಜಾರು ವೈರನ್ನು ತಿರುಗಿ ಚುಚ್ಚಿ ಸ್ನಾನಕ್ಕೆ ಹೋದರು.

ಮೂರು ವಾರ ಹೋಯಿತು. ಹೊಳೆ ಇಳಿದು ಮರಳು ಮತ್ತೆ ತೇಲಿತು. ಸೌತೆ ಹಾಕುವ ಕಾಲ ಇನ್ನೂ ಮೀರಿರಲಿಲ್ಲ. ಆದರೆ ಯಾವ ಹೆಂಗಸೂ ಕೆಳಗೆ ಇಳಿಯಲಿಲ್ಲ. ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಿದ್ದರು, ಯಂತ್ರದ ಕೋಣೆಯ ಕಡೆ ನೋಡುತ್ತಿದ್ದರು, ಹಿಂದಕ್ಕೆ ಹೋಗುತ್ತಿದ್ದರು. ನಿರುಪಾದಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವನು ಒಂದು ಹಲಗೆ ತಂದ. ಅದಕ್ಕೆ ಕಪ್ಪು ಬಣ್ಣ ಬಳಿದು, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ಮೆಟ್ಟಿಲ ತಲೆಯ ಮೇಲೆ ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಖಾಜಾಸಾಬನ ಗಾಡಿಯಲ್ಲಿ ದುರ್ಗವ್ವ ಬಂದಳು. ಬಗಲಲ್ಲಿ ಕೋಲು. ಹಿಂದೆ ಸೊಸೆ ಹುಲಿಗೆವ್ವ, ಅವಳ ತಲೆಯ ಮೇಲೆ ಬೀಜದ ಬುಟ್ಟಿ. ಉಳಿದ ಹೆಂಗಸರೂ ಬಂದು ನಿಂತರು.

ದುರ್ಗವ್ವನಿಗೆ ಓದಲು ಬಾರದು. “ಏನ ಬರದಾನ?” ಎಂದು ಸೊಸೆಯನ್ನು ಕೇಳಿದಳು.

“‘ಯಂತ್ರ ಸರಿ ಐತಿ’ ಅಂತ ಐತಿ ಅತ್ತಿ.”

ದುರ್ಗವ್ವ ನಿರುಪಾದಿಯ ಕಡೆ ತಿರುಗಿದಳು. ಅಂದಿನಿಂದ ಮೊದಲ ಸಲ ಅವನ ಸಂಗಡ ಮಾತಾಡಿದಳು.

“ನನ್ನ ಕಾಲು ಹೋತು, ಅದು ಹೋತು ಬಿಡಪ. ಈಕಿ ನನ್ನ ಮಗನ ಹೇಣ್ತಿ. ಮನ್ಯಾಗ ಇನ್ನೊಬ್ಬರಿಲ್ಲ. ಈಕೀನ್ನ ಇಳಸಲೋ ಬ್ಯಾಡೋ? ನೀ ಹೇಳು.”

ನಿರುಪಾದಿ ಹಲಗೆಯ ಕಡೆ ಕೈ ಮಾಡಿ ತೋರಿಸಿದ.

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಾರು ಎದ್ದು ಬಂದರು. ಹಲಗೆಯ ಮುಂದೆ ನಿಂತು ಓದಿದರು.

“ಇದನ್ನ ಯಾವಾಗ ಬರದಿ?”

“ನಿನ್ನಿ ಸಂಜೀಕ್ರಿ.”

“ಇವತ್ತ ಯಂತ್ರ ನೋಡೀಯೇನು?”

ನಿರುಪಾದಿ ತಲೆ ತಗ್ಗಿಸಿದ. ನೋಡಿರಲಿಲ್ಲ.

ಅಜ್ಜಾರು ಹೆಗಲ ಮೇಲಿನ ಒದ್ದೆ ವಸ್ತ್ರ ತೆಗೆದು ಅವನ ಕೈಗೆ ಕೊಟ್ಟರು. ಅವನು ಹಲಗೆ ಒರೆಸಿದ. ಆಮೇಲೆ ಕೋಣೆಗೆ ಓಡಿ ಹೋಗಿ, ಪರದೆಯ ಮೇಲೆ ಈಗ ತಾನೇ ಬಂದ ನೀರಿನ ಮಟ್ಟ ಓದಿದ. ಹೊರಗೆ ಬಂದು ಮೆಟ್ಟಿಲಿಳಿದು ಹೊಳೆಯ ನೀರನ್ನೂ ಕಣ್ಣಾರೆ ನೋಡಿದ. ಏದುಸಿರು ಬಿಡುತ್ತ ಮೇಲೆ ಬಂದು ಸೀಮೆಸುಣ್ಣ ಹಿಡಿದು ನಿಂತ. ಹೆಂಗಸರು ಕಾಯುತ್ತಿದ್ದರು.

“ಅಜ್ಜಾರ, ‘ಸರಿ ಐತಿ’ ಅಂತ ಬರೀಬಾರದಂದ್ರ, ಮತ್ತೇನ ಬರೀಲ್ರಿ?”

“ನೀ ಕಡೀಗೆ ನೋಡಿದ್ದು ಯಾವಾಗ, ಅಷ್ಟ ಬರಿ.”